ಗಾಡಿಗೆ ಹೊಯ್ದ ಬಾವಿನೀರು

ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಒದ್ದೆ ಬಟ್ಟೆ ಹರವುತ್ತಿದ್ದೆ. ಆಷಾಢದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಹೊಗೆ ಕುಡಿಯುತ್ತದೆ ಅಷ್ಟೇ. ಮೂರು ದಿನದಿಂದ ಅದೇ ಲುಂಗಿ, ಅದೇ ಸೀರೆಯನ್ನು ತಿರುವಿ ಹಾಕಿ ಹಾಕಿ ತೋಳು ಸೋತಿತ್ತು. ಆಗ ನಮ್ಮನೆಯವರ ಫೋನು ಬಂತು.

"ಹೆದ್ರಬೇಡ. ಗಾಡಿ ಚರಂಡಿಗೆ ಇಳೀತು. ನಂಗೆ ಎಂತದೂ ಆಗ್ಲಿಲ್ಲ."

ಹೆದರಬೇಡ ಎಂದು ಶುರುವಾಗುವ ಮಾತಿಗೆ ಹೆದರದೆ ಇರುವವಳು ನಾನಲ್ಲ. ಅಲ್ಲೇ ಮಣೆಯ ಮೇಲೆ ಕುಳಿತುಬಿಟ್ಟೆ.

ಹೊನ್ನಾವರದಿಂದ ಒಣಮೀನು, ತೆಂಗಿನಕಾಯಿ ಹೇರಿಕೊಂಡು ಕುಮಟೆಯ ಮೇಲಿಂದ ಶಿರಸಿಗೆ ಹೋಗುವುದು ಅವರ ಕೆಲಸ. ಪಿಕಪ್ಪು ಹಳೆಯದು. ಕತಗಾಲ ದಾಟಿ ಘಟ್ಟ ಹತ್ತುವಾಗ ಮಳೆಗೆ ಕಿಟಕಿ ಮುಚ್ಚಲೇಬೇಕು. ಮುಚ್ಚಿದರೆ ಉಸಿರಿನ ಹಬೆಗೆ ಎದುರಿನ ಗಾಜು ಮಂಜಾಗುತ್ತದೆ. ಹೀಟರು ಬಿಸಿಗಾಳಿ ಊದಿ ಆ ಮಂಜನ್ನು ಕರಗಿಸಬೇಕು. ನಮ್ಮದರಲ್ಲಿ ಬಾಯಲ್ಲಿ ಊದಿದಷ್ಟೂ ಬಿಸಿಯಿರಲಿಲ್ಲ. ಇವರು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಟವೆಲು ಹಿಡಿದು ಗಾಜು ಒರೆಸುತ್ತಾ ಹೋಗುತ್ತಿದ್ದರು. ಆ ದಿನ ತಿರುವಿನಲ್ಲಿ ಒರೆಸಲು ಹೋಗಿ ದಾರಿ ಕಾಣದಾಯಿತು. ಎಡಕ್ಕೆ ಗುಡ್ಡದ ಚರಂಡಿ, ಬಲಕ್ಕೆ ಕಮರಿ. ಗಾಡಿ ಎಡಕ್ಕೆ ಹೋಗಿತ್ತು. ಕೂತಲ್ಲಿಂದಲೇ ದೇವರ ಕೋಣೆಯತ್ತ ಕೈ ಮುಗಿದೆ.

ಯಾವುದೋ ಲಾರಿಯವರು ಹಗ್ಗ ಕಟ್ಟಿ ಎಳೆದುಕೊಟ್ಟರಂತೆ. ಸಂಜೆ ಮನೆಗೆ ಬಂದವರು ಕಾಲು ತೊಳೆಯುತ್ತಲೇ, "ನಾಡಿದ್ದು ಮತ್ತೆ ಲೋಡು ಉಂಟು" ಎಂದರು.

"ಹೀಟರ್ ಸರಿ ಮಾಡಿಸದೆ ಘಟ್ಟ ಹತ್ತೂದು ಬೇಡ."

"ಈ ಸೆಕೆ ಊರಲ್ಲಿ ಹೀಟರ್ ರಿಪೇರಿ ಅಂದ್ರೆ ಜನ ನಗಾಡ್ತಾರೆ ಮಾರಾಯ್ತಿ."

"ನಗಾಡ್ಲಿ. ನಾನು ಅಳೂದಕ್ಕಿಂತ ಅಡ್ಡಿಲ್ಲ."

ಒಬ್ಬರೇ ಹೋದರೆ "ಮಳೆಗಾಲ ಮುಗೀಲಿ, ನೋಡುವ" ಎಂದು ತಿರುಗಿ ಬರುವವರು ಅವರು. ಅದಕ್ಕೇ ಮರುದಿನ ಹೊನ್ನಾವರದ ಗ್ಯಾರೇಜಿಗೆ ನಾನೂ ಹೋದೆ. ಅಲ್ಲಿಯ ಮೆಕ್ಯಾನಿಕ್ ಕೊಂಕಣಿ ಮಾತಿನವ, ನನ್ನನ್ನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎನ್ನುತ್ತಾನೆ.

"ಹೀಟರಾ? ವೈನಿ, ಕಾಶ್ಮೀರಕ್ಕೆ ಹೊರಟದ್ದಾ?" ಎಂದು ನಕ್ಕು ಬಾನೆಟ್ ಎತ್ತಿದ. ಎಂಜಿನ್ನಿನಿಂದ ಹೀಟರಿಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ನನ್ನಿಂದಲೇ ಮುಟ್ಟಿಸಿದ. ಒಂದು ಕೈ ಸುಡುವಷ್ಟು ಬಿಸಿ, ಇನ್ನೊಂದು ತಣ್ಣಗೆ.

"ಬಿಸಿನೀರು ಒಳಗೆ ಹೋಗ್ತದೆ, ಆಚೆ ದಾಟೂದಿಲ್ಲ. ಒಳಗೆ ಕಟ್ಟಿದೆ."

ಎಂಜಿನ್ ತಣಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಅದ್ದಿದ. ಬೆರಳಿಗೆ ಕೆಂಪು ರಾಡಿ ಹತ್ತಿತು. ಈಗ ಅವನು ನಗಲಿಲ್ಲ. "ಇದಕ್ಕೆ ಎಂತ ನೀರು ಹಾಕ್ತಿದ್ರಿ?"

ಇವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಗಾಡಿಯ ಕ್ಯಾನಿಗೆ ನೀರು ತುಂಬಿಸಿ ಕೊಡುವವಳು ನಾನು. ನಮ್ಮ ಬಾವಿ ಹೊಳೆ ಸಮುದ್ರ ಸೇರುವ ಅಳಿವೆಗೆ ಹತ್ತಿರ. ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆ, ಅದರಲ್ಲಿ ಬೇಳೆ ಕೂಡ ಬೇಯುವುದಿಲ್ಲ. ನಳದ ನೀರು ದಿನ ಬಿಟ್ಟು ದಿನ. ಅದು ಕುಡಿಯಲು, ದೇವರಿಗೆ. ಗಾಡಿಗೆ ಬಾವಿಯದು ಸಾಕು, ಕಬ್ಬಿಣವೇನು ರುಚಿ ನೋಡುತ್ತದೆಯೇ ಎಂದುಕೊಂಡಿದ್ದೆ. ನಮ್ಮ ಹೊಳೆದಂಡೆಯಲ್ಲಿ ಗಾಡಿ ಇದ್ದವರೆಲ್ಲ ಮಾಡುವುದು ಹೀಗೆಯೇ. ನೀರು ಉಳಿಸಿದೆನೆಂಬ ಸಮಾಧಾನವೂ ನನಗಿತ್ತು.

"ಎಲ್ಲ ಇವಳ ಬಾವಿ ತೀರ್ಥ," ಎಂದರು ಇವರು. ಮೆಕ್ಯಾನಿಕ್ ಮತ್ತೆ ನಕ್ಕ. ನನಗೆ ನಗು ಬರಲಿಲ್ಲ.

"ತುಂಬಿಸಿ ಕೊಟ್ಟದ್ದು ನಾನೇ," ಎಂದೆ.

ನನ್ನ ಮುಖ ನೋಡಿ ಇವರು ದನಿ ಇಳಿಸಿದರು. "ಹೊಯ್ದದ್ದು ನಾನಲ್ವಾ? ಬಿಡು."

ಆ ಒಂದು ಮಾತು ಆಡದೆ ಇದ್ದಿದ್ದರೆ ನಾನು ಎಷ್ಟು ದಿನ ಅದನ್ನೇ ಹೊತ್ತುಕೊಂಡಿರುತ್ತಿದ್ದೆನೋ.

ಮೆಕ್ಯಾನಿಕ್ ಎರಡೂ ಪೈಪು ಕಳಚಿ, ನೀರು ಹೊರಬರುವ ಬಾಯಿಗೆ ನಳದ ಪೈಪು ಸಿಕ್ಕಿಸಿ, ಉಲ್ಟಾ ನೀರು ಬಿಟ್ಟ. ಮೊದಲು ಹನಿ ಹನಿ, ಆಮೇಲೆ ಕೆಂಪು ರಾಡಿ, ಬಿಳಿ ಹಕ್ಕಳೆ. ಬದಿ ಬದಲಿಸಿ ಬಿಡುತ್ತಾ ಬಿಡುತ್ತಾ ನೀರು ತಿಳಿಯಾಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಸ್ಟೂಲಿನ ಮೇಲೆ ಕೂತು ನನ್ನ ಸೊಂಟ ಹಿಡಿದುಕೊಂಡಿತ್ತು. ಕೊನೆಗೆ ರೇಡಿಯೇಟರಿಗೆ ತುಕ್ಕು ಹಿಡಿಸದ ಹಸಿರು ಕೂಲಂಟ್ ಹೊಯ್ದು, "ವೈನಿ, ಇನ್ನು ಬಾವಿ ಹತ್ರ ಗಾಡಿ ನಿಲ್ಲಿಸೂದೂ ಬೇಡ" ಎಂದ.

ಗಾಡಿ ಚಾಲೂ ಮಾಡಿ ಸ್ವಲ್ಪ ಹೊತ್ತಿಗೆ ಗಾಜಿನ ಕೆಳಗಿನ ಕಿಂಡಿಗೆ ಕೈ ಹಿಡಿದೆ. ಡ್ರೈವರಿನ ಬದಿ ಬಿಸಿ ಬರುತ್ತಿತ್ತು. ಎಡಬದಿ ಉಗುರುಬೆಚ್ಚಗೆ. ಪೂರಾ ಸರಿಯಾಗಬೇಕಾದರೆ ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಹೀಟರನ್ನೇ ಕೂರಿಸಬೇಕಂತೆ. ಸದ್ಯಕ್ಕೆ ಅವರ ಕಣ್ಣೆದುರಿನ ಗಾಜು ತಿಳಿಯಾದರೆ ಸಾಕು ಎಂದೆ. ದೇವರು ಅರ್ಧ ಕೊಟ್ಟ ದಿನ ಅರ್ಧಕ್ಕೇ ಕೈ ಮುಗಿದು ನನಗೆ ರೂಢಿ.

ಅದರ ಮರುದಿನ ಬೆಳಿಗ್ಗೆ ಇವರು ಲೋಡು ಹೇರಿಕೊಂಡು ಹೊರಟರು. ದೀಪ ಹಚ್ಚಿ ಕೂತೆ, ಬಾಯಿ ದೇವರ ನಾಮ ಹೇಳುತ್ತಿತ್ತು. ಮನಸ್ಸು ಮಾತ್ರ ಈಗ ಕುಮಟೆ ದಾಟಿರಬಹುದು, ಈಗ ಕತಗಾಲ ಎನ್ನುತ್ತಾ ಗಾಡಿಯ ಹಿಂದೆಯೇ ಇತ್ತು. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಹತ್ತು ಗಂಟೆಯ ಸುಮಾರಿಗೆ ಫೋನು ಬಂತು.

"ಘಟ್ಟ ಹತ್ತಿ ಆತು. ಗಾಜು ಅಡ್ಡಿಲ್ಲ. ನೀನು ಕೂರೂ ಬದಿ ಮಾತ್ರ ಮಂಜು."

"ಅಲ್ಲಿ ನಾನಿಲ್ವಲ್ಲ, ಇರ್ಲಿ. ಟವೆಲು?"

"ಹೆಗಲ ಮೇಲೇ ಉಂಟು. ಚಾ ಕುಡ್ದು ಹೊರಡ್ತೆ."

ಇಳಿಯುವ ದಾರಿ ಇನ್ನೂ ಬಾಕಿಯಿತ್ತು. ಆದರೂ ಹತ್ತುವುದಂತೂ ಆಯಿತಲ್ಲ. ಎದ್ದು, ನೆನೆಹಾಕಿದ್ದ ದೋಸೆ ಅಕ್ಕಿಯನ್ನು ಬಸಿದು ರುಬ್ಬಲು ಹೋದೆ.