ತುಂಟ ಬೆಕ್ಕಿನ ಇಪ್ಪತ್ತಾರು ವರ್ಷ

ಕಿರುತೆರೆಯ ಮಕ್ಕಳ ಕಾರ್ಟೂನ್ ಸರಣಿಗಳ ಇತಿಹಾಸವನ್ನು ಯಾರೇ ಬರೆಯಲಿ, ಒಂದು ಬೂದು ಬೆಕ್ಕನ್ನೂ ಅದನ್ನು ಇಪ್ಪತ್ತಾರು ವರ್ಷ ಕುಣಿಸಿದ ನಮ್ಮ ಪ್ರಧಾನ ಚಿತ್ರಗಾರ್ತಿಯವರನ್ನೂ ಬಿಟ್ಟು ಬರೆಯಲಾಗದು. ಸ್ಟುಡಿಯೋದಲ್ಲಿ ಎಲ್ಲರಿಗೂ ಅವರು ಅಕ್ಕ. ವಯಸ್ಸಿನಲ್ಲಿ ಹಿರಿಯರಾದ ನಿರ್ದೇಶಕರಿಗೂ ಅಕ್ಕನೇ.

ವಾರ್ತೆಗೂ ಹವಾಮಾನ ವರದಿಗೂ ನಡುವಿನ ಇಪ್ಪತ್ತು ಸೆಕೆಂಡು ತುಂಬಿಸಲೆಂದು ಹುಟ್ಟಿದ ಆ ಬೆಕ್ಕು, ಮಕ್ಕಳ ಪತ್ರಗಳು ಮೂಟೆಗಟ್ಟಲೆ ಬರತೊಡಗಿದ ಮೇಲೆ ಭಾನುವಾರದ ಅರ್ಧ ಗಂಟೆಯನ್ನೇ ಕಬಳಿಸಿತು. ಅಕ್ಕನವರದು ಒಂದೇ ಕಟ್ಟಳೆ: ತಾವು ಮಾಡದ ತುಂಟತನವನ್ನು ಬೆಕ್ಕಿನಿಂದ ಮಾಡಿಸಬಾರದು. ಬೆಕ್ಕು ಕನ್ನಡಕ ಕದಿಯಬೇಕಿದ್ದರೆ ಮೊದಲು ನಿರ್ದೇಶಕರ ಕನ್ನಡಕ ಮಾಯವಾಗುತ್ತಿತ್ತು. ಅವರು ಮೇಜುಗಳ ಕೆಳಗೆಲ್ಲ ತಡಕಾಡುವುದನ್ನು ಅಕ್ಕ ಏನೂ ಅರಿಯದವರಂತೆ ಕೂತು ಚಿತ್ರಿಸಿಕೊಳ್ಳುತ್ತಿದ್ದರು.

ನಾನು ಬಣ್ಣ ಹಚ್ಚುವವಳಾಗಿ ಸೇರಿದ ಮೂರನೆಯ ವಾರ, ಬೆಕ್ಕಿನ ಬಾಲಕ್ಕೆ ಮೂರು ಪಟ್ಟೆಯ ಬದಲು ನಾಲ್ಕು ಹಚ್ಚಿಬಿಟ್ಟೆ. ಅದೂ ಒಂದೆರಡು ಹಾಳೆಗಲ್ಲ, ಮುನ್ನೂರು ಹಾಳೆಗೆ. ಪ್ರಸಾರಕ್ಕೆ ಎರಡೇ ದಿನ ಉಳಿದಿತ್ತು. ಕೆಲಸ ಹೋಯಿತೆಂದು ಬಣ್ಣದ ಕೋಣೆಯಲ್ಲಿ ಅಳುತ್ತ ಕೂತಿದ್ದೆ. ಅಕ್ಕ ಬಂದು ಹಾಳೆಗಳನ್ನು ತಿರುವಿ, "ಅಯ್ಯೋ, ಇಷ್ಟಕ್ಕೆಲ್ಲ ಅಳ್ತಾರೇನೇ? ಹಚ್ಚಿದ್ದು ನೀನಲ್ಲ, ಆ ಕಳ್ಳ ಬೆಕ್ಕೇ ಹಚ್ಕೊಂಡಿದೆ," ಎಂದರು. ಬೆಕ್ಕು ಕುಂಚ ಕದ್ದು, ತನ್ನ ಬಾಲಕ್ಕೆ ತಾನೇ ಪಟ್ಟೆ ಬಳಿದುಕೊಂಡು, ಕನ್ನಡಿಯ ಮುಂದೆ ಬೀಗುವ ದೃಶ್ಯವನ್ನು ಆ ಸಂಜೆಯೇ ಬರೆದು ಕಂತಿನ ಮೊದಲಿಗೆ ಸೇರಿಸಿದರು. ಜನ ಇಂದಿಗೂ ನೆನೆಯುವ ಕಂತು ಅದೇ. ತಪ್ಪು ನನ್ನದೆಂದು ಅವರು ಯಾರ ಬಳಿಯೂ ಬಾಯಿ ಬಿಡಲಿಲ್ಲ. ಇಂದು ನಾನೇ ಹೇಳುತ್ತಿದ್ದೇನೆ.

ಅವರು ನಿವೃತ್ತರಾಗಿ ಆರು ತಿಂಗಳಾಯಿತು. ಅವರ ಮೇಜು ಈಗ ನನ್ನದು, ಬೆಕ್ಕಿನ ಹೊಣೆಯೂ ನನ್ನದೇ. ಹೊಸ ಕಂತುಗಳು ಮಕ್ಕಳಿಗೆ ಹಿಡಿಸದಿದ್ದರೆ ಸರಣಿಯನ್ನೇ ನಿಲ್ಲಿಸುವುದಾಗಿ ವಾಹಿನಿಯವರು ಹೇಳಿದ್ದಾರೆ. ಕಟ್ಟಳೆ ಮುರಿಯಬಾರದೆಂದು ಮೊನ್ನೆ ನಿರ್ದೇಶಕರ ಕನ್ನಡಕವನ್ನು ನಾನೂ ಬಚ್ಚಿಟ್ಟೆ. ಅವರು ಹುಡುಕಲೇ ಇಲ್ಲ. ಅಭ್ಯಾಸಬಲದಿಂದ ಈ ಮೇಜಿನ ಕಡೆ ತಿರುಗಿ, "ಅಕ್ಕ, ಸಾಕು, ಕೊಟ್ಬಿಡಿ," ಎಂದರು. ನಾನು ಎದ್ದು ಹೋಗಿ ಕನ್ನಡಕವನ್ನು ಅವರ ಕೈಗಿಟ್ಟೆ.

ನಿವೃತ್ತರಾದವರಿಗೆ ದೀರ್ಘಾಯುಸ್ಸನ್ನೂ ನೆಮ್ಮದಿಯ ವಿಶ್ರಾಂತಿಯನ್ನೂ ಕೋರುವುದು ವಾಡಿಕೆ. ಆಯುಸ್ಸನ್ನು ಮನಸಾರೆ ಕೋರುತ್ತೇನೆ, ವಿಶ್ರಾಂತಿಯನ್ನು ಕೋರಲಾರೆ. ಅಕ್ಕ, ವಾರಕ್ಕೊಂದು ದಿನವಾದರೂ ಬನ್ನಿ. ನನ್ನ ಕೈಗೆ ಬಂದ ಮೇಲೆ ಬೆಕ್ಕು ತುಂಟತನ ಬಿಟ್ಟು, ಹೇಳಿದ ಮಾತು ಕೇಳತೊಡಗಿದೆ.