ಹೆಜ್ಜಾರ್ಲೆಗೆ ಮುಡಿಸಿದ ಹೂ

ಚೆನ್ನೈ ಬಿಸಿಲಲ್ಲಿ ಅಲೆದು ತಾಂಬರಂ ಸ್ಟೇಷನ್ನು ಸೇರುವಷ್ಟರಲ್ಲಿ ಜೀವ ಹೈರಾಣಾಗಿತ್ತು. ಊರಿನ ರೈಲಿಗೆ ಇನ್ನೂ ಹೊತ್ತಿತ್ತು. ಎದುರಿನ ಸಣ್ಣ ಉಡುಪಿ ಹೋಟೆಲಿಗೆ ಹೋಗಿ ಫ್ಯಾನಿನ ಕೆಳಗೆ ಕುಸಿದೆ. ಕಾಫಿ ಬಂತು, ಲೋಟ ಎತ್ತುವ ತ್ರಾಣವಿರಲಿಲ್ಲ.

ಸಂಜೆಯ ದೀಪ ಹಚ್ಚಿ, ಮಾಲೀಕರ ಹೆಂಡತಿ ಗೋಡೆಯ ಪಟಗಳಿಗೆ ಊದುಬತ್ತಿ ಬೆಳಗುತ್ತ ಬಂದರು. ಅರವತ್ತು ದಾಟಿದ ಕುಂದಾಪುರದ ಹೆಂಗಸು. ಗಣಪತಿ, ಲಕ್ಷ್ಮಿ, ಕೃಷ್ಣ, ಆಮೇಲೆ ಒಂದು ಹೆಜ್ಜಾರ್ಲೆ! ಬಣ್ಣದಲ್ಲಿ ಬರೆದ ಆ ದೊಡ್ಡ ಕೊಕ್ಕಿನ ಹಕ್ಕಿಗೂ ಮಲ್ಲಿಗೆ ಮಾಲೆ.

“ಇದು ಯಾವ ದೇವರ ವಾಹನ ಅಮ್ಮಾ?” ಎಂದು ನಕ್ಕೆ.

ಅವರು ನಗಲಿಲ್ಲ. “ನಾನೇ ಬರೆದದ್ದು. ಮೊಮ್ಮಗಳ ಬಣ್ಣ ತಗೊಂಡು ಈಚೆಗೆ ಶುರು ಮಾಡಿದೆ, ಬರೀ ಹಕ್ಕಿಗಳು. ಎಣ್ಣೂರಿಗೆ ಮದುವೆ ಅಡುಗೆಗೆ ಹೋದಾಗ ಇದು ನೀರಿನ ದಡದಲ್ಲಿ ಕೂತಿತ್ತು. ಮೈಯೆಲ್ಲ ಕಾರ್ಖಾನೆಯಿಂದ ನೀರಿಗೆ ಹರಿದ ಕಪ್ಪೆಣ್ಣೆ, ರೆಕ್ಕೆ ಬಿಚ್ಚಲಿಕ್ಕೆ ಆಗ್ತಿರಲಿಲ್ಲ. ನಾವು ಊಟ ಬಡಿಸಿ ಬರುವಾಗ ಸತ್ತಿತ್ತು. ಹೂ ದೇವರಿಗೆ ಮಾತ್ರವಾ? ಹೋದವರ ಫೋಟೋಕ್ಕೂ ಹಾಕ್ತೇವಲ್ಲ?”

ಆಗ ಸರಿಯಾಗಿ ನೋಡಿದೆ. ಹಕ್ಕಿಯ ಕೊರಳಿನಿಂದ ಕೆಳಗೆಲ್ಲ ಕಪ್ಪು. ನಾನದನ್ನು ನೆರಳು ಅಂದುಕೊಂಡಿದ್ದೆ.

ಅವರು ನನ್ನ ಆರಿದ ಕಾಫಿಯನ್ನು ಎತ್ತಿಕೊಂಡರು. “ಬೇರೆ ಬಿಸಿ ತರ್ತೇನೆ, ಕೂತ್ಕೊಳ್ಳಿ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಇದಕ್ಕೇ ಕಪ್ಪು ಟ್ಯೂಬು ಪೂರಾ ಖಾಲಿಯಾಯ್ತು. ‘ಪಾಟಿ, ಕಾಕ್ಕಾ’ ಅಂತ ತಮಿಳಲ್ಲೇ ಅಜ್ಜಿನ ಕರೆದು ಮೊಮ್ಮಗಳು ದಿನಾ ಪೀಡಿಸ್ತಾಳೆ, ಅವಳಿಗೆ ಕಾಗೆ ಬರೆದುಕೊಡಬೇಕಂತೆ. ಕಪ್ಪು ತರಲಿಕ್ಕೇ ಮನಸ್ಸು ಬರೋದಿಲ್ಲ ಮಾರಾಯ್ರೆ.”