ಅಪ್ಪನ ಮೂರು ಮಿಸ್ಡ್ ಕಾಲ್

ಬಂಗಾರಪೇಟೆಯಲ್ಲಿ ನನ್ನದು ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ. ಮೇಜಿನ ಮೇಲೆ ಲ್ಯಾಪ್‌ಟಾಪು, ಗಿರಾಕಿಗಳಿಗೊಂದು ಫೋನು, ಮನೆಗೊಂದು ಫೋನು, ಮಣಿಕಟ್ಟಿನಲ್ಲಿ ಕರೆ ಬಂದರೆ ನಡುಗುವ ವಾಚು. ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಮನೆಯಲ್ಲಿ ಹೆಂಡತಿಯ ಫೋನು, ಮಗಳ ಟ್ಯಾಬು. ಅಪ್ಪನಿಗೆ ಮಾತ್ರ ಗುಂಡಿ ಒತ್ತುವ ಹಳೇ ಫೋನು, ಅಂಗಿಯ ಜೇಬಿನಲ್ಲಿ.

ಅಪ್ಪನಿಗೆ ಕಿವಿ ಮಂದ. ಫೋನಿನಲ್ಲಿ ಮಾತಾಡುವುದಿಲ್ಲ, ಎದೆಯ ಮೇಲೆ ಅದು ನಡುಗಿದ್ದನ್ನು ಎಣಿಸುತ್ತಾರೆ. ಗಣಿ ಮುಚ್ಚುವವರೆಗೂ ಅವರು ಗಣಿಗಿಳಿಯುವ ಶಾಫ್ಟಿನ ಬಾಯಲ್ಲಿ ನಿಂತು ಬೆಲ್ಲು ಕೊಡುತ್ತಿದ್ದವರು. ಒಂದು ಕೊಟ್ಟರೆ ಜನರನ್ನು ಇಳಿಸಿ ಏರಿಸುವ ಪಂಜರ ನಿಲ್ಲಬೇಕು. ಮೂರು ಕೊಟ್ಟರೆ ಒಳಗೆ ಜನ ಇದ್ದಾರೆ. ಅದನ್ನು ಎಳೆಯುವ ಇಂಜಿನ್ ಮನೆಯಿಂದ ಅಷ್ಟೇ ಬೆಲ್ಲು ವಾಪಸ್ ಬಂದ ಮೇಲೇ ಪಂಜರ ಅಲುಗುತ್ತಿತ್ತು. ನಿಲ್ಲದೆ ಬಡಿದುಕೊಂಡರೆ, ಕೆಳಗೆ ಅಪಘಾತ. ಇದನ್ನೇ ಅವರು ಮಿಸ್ಡ್ ಕಾಲಿಗೆ ತಂದರು. ಬಸ್ಸು ಹತ್ತಿದರೆ ಮೂರು, ದಾರಿಯಲ್ಲಿ ಇಳಿದು ಕೂತರೆ ಒಂದು. ನಾವೂ ಅಷ್ಟೇ ವಾಪಸ್ ಕೊಡಬೇಕು.

ಕಳೆದ ಬೇಸಿಗೆಯಲ್ಲಿ ಅಪ್ಪ ಬೂದಿಕೋಟೆಯ ಅತ್ತೆಯ ಮನೆಗೆ ಹೋಗಿ ವಾಪಸ್ ಬರುತ್ತಿದ್ದರು. ಮೂರು ಬಂತು, ಮೂರು ಕೊಟ್ಟೆ. ಸ್ವಲ್ಪ ಹೊತ್ತಿಗೆ ವಾಚು ಮತ್ತೆ ನಡುಗಿತು. ಒಂದೇ ಸಲ.

ಅಪ್ಪನ ಎದೆ ಗಣಿಯ ದೂಳು ಕುಡಿದದ್ದು. ಎರಡೂ ಫೋನಿನಿಂದ ಅವರಿಗೆ ಮೇಲಿಂದ ಮೇಲೆ ಕರೆ ಮಾಡಿದೆ. ಹೆಂಡತಿಗೆ ಹೇಳಿದೆ, ಅವಳೂ ಮಾಡಿದಳು. ಮಗಳು ಟ್ಯಾಬಿನಿಂದ ಮಾಡಿದಳು. ಅಂಗಡಿಯ ಬಾಗಿಲೆಳೆದು ಬೈಕು ಹತ್ತಿ, ಪ್ರತಿ ತಂಗುದಾಣವನ್ನೂ ನೋಡುತ್ತ ಹೋದೆ.

ಒಂದರಲ್ಲಿ ಅಪ್ಪ ಕೂತಿದ್ದರು. ಮುಖ ಬಿಳಚಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೈ ಹಿಡಿದುಕೊಂಡರು.

"ಮನೇಲಿ ಯಾರಿಗ್ಲಾ ಏನಾಯ್ತು? ಮಗು ಚೆನ್ನಾಗೈತಾ?"

"ಯಾರಿಗೂ ಏನೂ ಆಗಿಲ್ಲ. ನಿಂಗೇನಾಯ್ತಪ್ಪಾ?" ಅವರ ಕಿವಿಯ ಹತ್ತಿರ ಕೂಗಿದೆ.

"ನಂಗೇನು? ಬಸ್ಸಲ್ಲಿ ಜನ ಜಾಸ್ತಿ, ಉಸ್ರು ಕಟ್ತು, ಇಳ್ದೆ. ಒಂದು ಕೊಟ್ನಲ್ಲ! ನೀವು ನಿಲ್ಲಿಸ್ದೆ ಬಡೀತಾನೇ ಇದ್ರಿ. ಯಾರೋ ಓಗ್ಬಿಟ್ರು ಅಂದ್ಕೊಂಡೆ ಕಣ್ಲಾ."

ಅವರ ಜೇಬು ಇನ್ನೂ ನಡುಗುತ್ತಿತ್ತು. ಮನೆಗೆ ಫೋನು ಮಾಡಿ, "ಸಿಕ್ಕರು, ಇನ್ನು ಕರೆ ನಿಲ್ಲಿಸಿ" ಎಂದೆ. ಅಪ್ಪ ನೀರು ಕುಡಿದರು. ಉಸಿರು ಹದಕ್ಕೆ ಬಂತು. ಆಮೇಲೆ ನನ್ನ ವಾಚನ್ನು ಬೆರಳಿನಿಂದ ತಟ್ಟಿದರು.

"ಇಷ್ಟೊಂದು ಸಾಮಾನು ಮಡಿಕ್ಕೊಂಡಿದ್ದೀಯ. ಒಂದಕ್ಕೆ ಒಂದು ಕೊಡಾಕೆ ಬರಾಕಿಲ್ವಲ್ಲೋ."

ಬೈಕಿನ ಮೇಲೆ ಹಿಂದೆ ಕೂರಿಸಿಕೊಂಡು ಸ್ಟಾರ್ಟ್ ಮಾಡಿದೆ. ಅಪ್ಪ ಹೆಗಲು ತಟ್ಟಿ ತಡೆದರು. ನನ್ನ ಮಣಿಕಟ್ಟಿನ ವಾಚು ನಡುಗಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಮತ್ತೊಮ್ಮೆ.

ಫೋನು ತೆಗೆದು ಒಂದೊಂದಾಗಿ ಮೂರನ್ನೂ ವಾಪಸ್ ಕೊಟ್ಟೆ. ಅವರ ಜೇಬು ನನ್ನ ಬೆನ್ನಿಗೆ ಒತ್ತಿಕೊಂಡಿತ್ತು, ಮೂರೂ ನನಗೂ ತಿಳಿದವು.

"ಊಂ. ಈಗ ಬಿಡ್ಲಾ" ಎಂದರು.